ಹನ್ನೊಂದು ಪೆಟ್ಟಿಗೆಗಳು ಮತ್ತು ಸಂಜೆಯ ಶಂಖ

ಶುಕ್ರವಾರ ಮಧ್ಯಾಹ್ನ ಗುಜರಿ ಲಾರಿ ಬರುತ್ತದೆ ಎಂದು ಸೆಯುಲಿಯವರು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆಯೇ ಹೇಳಿಬಿಟ್ಟರು. ಅವರು ನಮ್ಮೂರಿನ ಹಿರಿಯ ಮತಾಯಿ, ಅಂದರೆ ಕುಲದ ಯಜಮಾನರು, ಶಾಲಾ ಸಮಿತಿಯ ಅಧ್ಯಕ್ಷರು. ಅವರು ಹೇಳಿದ ಮೇಲೆ ಅದು ಮುಗಿದ ಮಾತು. ಶಾಲೆಯ ಹನ್ನೊಂದು ಕಂಪ್ಯೂಟರುಗಳೂ ಹೋಗಬೇಕಿತ್ತು.

ಪೆಟ್ಟಿಗೆಗಳು ಕೆಟ್ಟಿರಲಿಲ್ಲ. ಅವನ್ನು ನಡೆಸುವ ತಂತ್ರಾಂಶ ಹಳೆಯದಾಗಿತ್ತು. ಹೊಸದನ್ನು ಹಾಕೋಣವೆಂದರೆ, ಇಷ್ಟು ಹಳೆಯ ಯಂತ್ರಕ್ಕೆ ಆಗುವುದಿಲ್ಲ ಎಂದು ಪರದೆಯ ಮೇಲೆ ಬರುತ್ತಿತ್ತು. ಮಕ್ಕಳು ಗುಂಡಿ ಒತ್ತಿ, ಹೊರಗೆ ಹೋಗಿ ಒಂದು ಸುತ್ತು ಆಟವಾಡಿ ಬಂದರೂ ಅದು ಏಳುತ್ತಿರಲಿಲ್ಲ. ಆದರೂ ಸುತ್ತಲಿನ ಮೂರು ಊರುಗಳಿಗೆ ಇದ್ದದ್ದು ಇದೊಂದೇ ಕಂಪ್ಯೂಟರ್ ಕೋಣೆ. ಅಲ್ಲಿ ಬೆರಳಚ್ಚು ಕಲಿತ ಇಬ್ಬರು ಹುಡುಗಿಯರು ಈಗ ಕಡಲಾಚೆಯ ರಾಜಧಾನಿ ಆಪಿಯಾದಲ್ಲಿ ಕೆಲಸದಲ್ಲಿದ್ದಾರೆ. ನನ್ನ ಮಗಳು ಮಸೀನಾಳಿಗೆ ಮುಂದಿನ ವರ್ಷ ಆ ಕೋಣೆಗೆ ಹೋಗುವ ಸರದಿ.

ನಾನು ಅದೇ ಶಾಲೆಯಲ್ಲಿ ಪಾಠ ಹೇಳುವವಳು. ಎಲ್ಲರೆದುರಿಗೇ ಕೇಳಿದೆ: "ಯಜಮಾನ್ರೇ, ಶುಕ್ರವಾರದೊಳಗೆ ಒಂದನ್ನ ಸರಿಯಾಗಿ ಓಡಿಸಿ ತೋರಿಸಿದ್ರೆ?"

"ಒಂದು ಓಡಿದ್ರೆ ಹನ್ನೊಂದೂ ಉಳೀತಾವೆ," ಎಂದರು ಸೆಯುಲಿ. ಆಮೇಲೆ ಪಕ್ಕದವರ ಕಡೆ ತಿರುಗಿ, "ಲೊಸಾ ಟೀಚರ್ರು ಸತ್ತ ಕೋಳೀನ ಕೂಗಿಸ್ತಾರಂತೆ," ಎಂದು ನಕ್ಕರು.

ನನಗೆ ಧೈರ್ಯ ಕೊಟ್ಟವಳು ಚಿಕ್ಕಪ್ಪನ ಮಗಳು ಲೂಪೆ. ಆಪಿಯಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹಿಂದಿನ ವಾರ ದೋಣಿಯಲ್ಲಿ ಬಂದವಳು ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್ ಡ್ರೈವ್ ಕೊಟ್ಟು ಹೋಗಿದ್ದಳು. "ಇದರಲ್ಲಿ ಲಿನಕ್ಸ್ ಅನ್ನೋ ತಂತ್ರಾಂಶ ಇದೆ ಅಕ್ಕಾ. ಹಳೇ ಪೆಟ್ಟಿಗೆಗೆ ಹೇಳಿ ಮಾಡಿಸಿದ್ದು. ದುಡ್ಡಿಲ್ಲ ಕಾಸಿಲ್ಲ, ಎಷ್ಟು ಯಂತ್ರಕ್ಕೆ ಬೇಕಾದ್ರೂ ಹಾಕ್ಕೋ."

ಬುಧವಾರ ಶಾಲೆ ಬಿಟ್ಟ ಮೇಲೆ ಒಂದು ಪೆಟ್ಟಿಗೆಯನ್ನು, ಅದರ ಪರದೆಯನ್ನು ಕೈಗಾಡಿಯಲ್ಲಿಟ್ಟು ಮನೆಗೆ ತಳ್ಳಿಕೊಂಡು ಬಂದೆ. ಮನೆಯಲ್ಲಾದರೆ ಬಟ್ಟೆ ಒಗೆಯುತ್ತ, ಕೆಸುವಿನ ಗೆಡ್ಡೆ ಹೆರೆಯುತ್ತ ಕಣ್ಣಿಟ್ಟಿರಬಹುದಲ್ಲ.

ಅತ್ತೆ ಫೆಟೂ ಚಾಪೆ ಹೆಣೆಯುವುದನ್ನು ನಿಲ್ಲಿಸಿ ನೋಡಿದರು. "ಪುಕ್ಕಟೆನಾ? ಯಾರು ಕೊಟ್ಟಿದ್ದು?"

"ಯಾರು ಅಂತ ಗೊತ್ತಿಲ್ಲ ಅತ್ತೆ. ಪ್ರಪಂಚದ ತುಂಬಾ ಇದಾರಂತೆ, ಎಲ್ಲಾ ಸೇರಿ ಮಾಡಿದ್ದಂತೆ."

"ಅಯ್ಯೋ! ಅವರ ಮನೇಲಿ ಮದುವೆನೋ ಸಾವೋ ಆದ್ರೆ ನಾವು ತಿರುಗಿ ಚಾಪೆ ಉಡುಗೊರೆ ಒಯ್ಬೇಡ್ವಾ? ಪ್ರಪಂಚದ ತುಂಬಾ ಅಂದ್ರೆ ಅಷ್ಟು ಚಾಪೆ ಹೆಣೆಯೋರು ಯಾರೇ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಬೆರಳಲ್ಲಿ ಏನೋ ಎಣಿಸುತ್ತ ಮತ್ತೆ ಹೆಣೆಯತೊಡಗಿದರು.

ಪೆನ್ ಡ್ರೈವ್ ಸಿಕ್ಕಿಸಿ, ಲೂಪೆ ಬರೆದುಕೊಟ್ಟ ಹಾಗೆ ಒಂದೊಂದೇ ಪ್ರಶ್ನೆಗೆ ಉತ್ತರ ಒತ್ತಿದೆ. ಹಳೆಯದನ್ನು ಅಳಿಸಲೇ ಎಂದು ಕೇಳಿದಾಗ ಬೆರಳು ಸ್ವಲ್ಪ ಹೊತ್ತು ನಿಂತಿತು. ಹದಿನಾಲ್ಕು ವರ್ಷದಿಂದ ಗೊತ್ತಿದ್ದ ಮುಖ ಅದು. ಅಳಿಸು ಎಂದೆ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ನಿಧಾನವಾಗಿ ಬೆಳೆಯತೊಡಗಿತು. ಅದು ಅರ್ಧ ದಾಟಿದಾಗ ಚಿಕ್ಕವನಿಗೆ ಸ್ನಾನ ಮಾಡಿಸಲು ನಲ್ಲಿಯ ಹತ್ತಿರ ಹೋದೆ.

ಅಷ್ಟರಲ್ಲಿ ಊರನ್ನೆಲ್ಲ ಪ್ರಾರ್ಥನೆಗೆ ಕರೆಯುವ ಸಂಜೆಯ ಶಂಖ ಮೊಳಗಿತು. ದಾರಿಯಲ್ಲಿದ್ದವರು ದಾರಿ ಬಿಟ್ಟರು, ಕಡಲದಂಡೆಯ ಚೆಂಡಾಟ ನಿಂತಿತು, ಎಲ್ಲರೂ ಒಳಗೆ ಬಂದು ಪ್ರಾರ್ಥನೆಗೆ ಕೂತರು. ಒದ್ದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ನಾನೂ ಕೂತೆ. ಹಾಡು, ವಾಚನ, ಅತ್ತೆಯ ಉದ್ದನೆಯ ಪ್ರಾರ್ಥನೆ. ಕಣ್ಣು ತೆರೆದು ನೋಡಿದರೆ ಪರದೆ ಕಪ್ಪಗಿತ್ತು.

ಶಂಖ ಕೇಳಿದ ಕೂಡಲೇ ಅತ್ತೆ ರೇಡಿಯೋ ಆರಿಸುತ್ತಾರೆ, ಫ್ಯಾನ್ ಆರಿಸುತ್ತಾರೆ, ಗೋಡೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸುತ್ತಾರೆ. ನಾನು ಈ ಮನೆಗೆ ಬಂದ ದಿನದಿಂದ ಅದನ್ನು ನೋಡುತ್ತಲೇ ಇದ್ದೇನೆ. ಅವರಿಗೆ ಒಂದು ಮಾತು ಹೇಳದೆ ಹೋದದ್ದು ನನ್ನದೇ ತಪ್ಪು.

ಮತ್ತೆ ಸ್ವಿಚ್ ಹಾಕಿದೆ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕಿತು, ಅಷ್ಟೇ. ಹಳೆಯದೂ ಇರಲಿಲ್ಲ, ಹೊಸದೂ ಬಂದಿರಲಿಲ್ಲ.

"ಏನಾಯ್ತೇ?" ಅತ್ತೆಯ ದನಿ ಸಣ್ಣಗಾಗಿತ್ತು.

"ಅರ್ಧಕ್ಕೆ ನಿಂತುಹೋಯ್ತು ಅತ್ತೆ."

"ನಾನು ದೀಪ ಅಂದ್ಕೊಂಡು ಆರಿಸಿದೆ ಮಗಾ."

ಫೋನಿನಲ್ಲಿ ಲೂಪೆಗೆ ನಗು ತಡೆಯಲಾಗಲಿಲ್ಲ. "ಪ್ರಾರ್ಥನೆಗೆ ಅಂತ ಆರಿಸಿದ್ರಾ! ನಮ್ಮ ಅಂಗಡೀಗೆ ಇಂಥ ಕೇಸು ಬಂದೇ ಇಲ್ಲ ಅಕ್ಕಾ. ಅಳ್ಬೇಡ. ಪೆನ್ ಡ್ರೈವ್ ಇದೆ ತಾನೇ? ನಾಳೆ ಮೊದಲಿಂದ ಶುರು ಮಾಡು. ಆದ್ರೆ ಈ ಸಲ ಮಧ್ಯದಲ್ಲಿ ಕರೆಂಟ್ ಹೋಗ್ಬಾರ್ದು ನೋಡು."

ಗುರುವಾರ ಮಧ್ಯಾಹ್ನವೆಲ್ಲ ಕರೆಂಟೇ ಇರಲಿಲ್ಲ. ಸಂಜೆ ಐದೂವರೆ ದಾಟಿದ ಮೇಲೆ ಬಂತು. ಓಡಿಹೋಗಿ ಶುರು ಮಾಡಿದೆ. ನೀಲಿ ಪಟ್ಟಿ ಮುಕ್ಕಾಲಿಗೆ ಬರುವ ಹೊತ್ತಿಗೆ ಶಂಖ ಮೊಳಗಿತು. ಅತ್ತೆ ಸ್ವಿಚ್ಚಿನ ಪಕ್ಕ ನಿಂತಿದ್ದರು, ಕೈ ಮಾತ್ರ ಮೇಲೆತ್ತಿರಲಿಲ್ಲ.

"ದೇವರ ಹೊತ್ತಲ್ಲಿ ಯಂತ್ರ ಕುಣೀತಿದ್ರೆ ಚೆನ್ನಾಗಿರಲ್ಲ ಲೊಸಾ."

"ಅತ್ತೆ, ಉಮು ಒಲೆಯ ಬಿಸಿ ಕಲ್ಲೊಳಗೆ ದೀವಿಹಲಸು ಬೇಯ್ತಿರುತ್ತೆ. ಪ್ರಾರ್ಥನೆ ಅಂತ ಮಧ್ಯದಲ್ಲಿ ಹೊರಗೆ ತೆಗೀತೀವಾ?"

ಅವರು ಪರದೆಯ ಕಡೆ ಕೈ ತೋರಿಸಿದರು. "ಉಮು ಬೆಳಕು ಬಿಡಲ್ಲ, ಚಿತ್ರ ತೋರಿಸಲ್ಲ."

ನಾನು ಪರದೆಯನ್ನಷ್ಟೇ ಆರಿಸಿದೆ. ಪೆಟ್ಟಿಗೆ ಸಣ್ಣಗೆ ಗುಂಯ್ ಎನ್ನುತ್ತ ಕತ್ತಲಲ್ಲಿ ತನ್ನ ಕೆಲಸ ಮಾಡುತ್ತಲೇ ಇತ್ತು. ಅತ್ತೆ ತಮ್ಮ ಹೂವಿನ ಬಟ್ಟೆಯೊಂದನ್ನು ತಂದು ಅದಕ್ಕೆ ಹೊದಿಸಹೋದರು.

"ಹಿಂದುಗಡೆ ಬಿಡಿ ಅತ್ತೆ, ಅದು ಉಸಿರಾಡ್ಬೇಕು."

"ಮುಂದೆ ಮಾತ್ರ ಮುಚ್ತೀನಿ. ಮಗು ಮಲಗಿಸೋದು ನನಗೆ ಹೇಳಿಕೊಡ್ತೀಯಾ?"

ಆ ದಿನದ ಪ್ರಾರ್ಥನೆಯಲ್ಲಿ ಅತ್ತೆ ಕಡಲಿಗೆ ಹೋದವರನ್ನು, ಕಾಯಿಲೆ ಬಿದ್ದವರನ್ನು, ನ್ಯೂಜಿಲೆಂಡಿನಲ್ಲಿರುವ ನೆಂಟರನ್ನೆಲ್ಲ ನೆನೆದರು. ಕೊನೆಗೆ, "ಮೂಲೆಯಲ್ಲಿರೋ ಪೆಟ್ಟಿಗೇನೂ ಕೈಬಿಡಬೇಡಪ್ಪಾ," ಎಂದರು. ಮಸೀನಾ ನಗು ನುಂಗಿಕೊಳ್ಳಲು ನನ್ನ ತೋಳಿಗೆ ಮುಖ ಒತ್ತಿದಳು.

ಪ್ರಾರ್ಥನೆ ಮುಗಿದ ಮೇಲೆ ಬಟ್ಟೆ ತೆಗೆದು ಪರದೆ ಹಚ್ಚಿದೆ. ಮುಗಿಯಿತು, ಪೆನ್ ಡ್ರೈವ್ ತೆಗೆಯಿರಿ ಎಂದು ಬರೆದಿತ್ತು. ತೆಗೆದೆ. ಪೆಟ್ಟಿಗೆ ಆರಿ ಮತ್ತೆ ಎದ್ದಿತು. ಮಸೀನಾ ಬೆರಳು ಮಡಿಸಿ ಎಣಿಸುತ್ತಿದ್ದಳು. ಅವಳು ಮೂವತ್ತೆಂಟು ಎನ್ನುವಾಗ ಹಸಿರು ಬೆಟ್ಟದ ಚಿತ್ರವಿದ್ದ ಹೊಸ ಮುಖ ಎದುರಿಗೆ ಬಂದು ನಿಂತಿತ್ತು.

ಮರುದಿನ ಸಮಿತಿಯ ಎಂಟೂ ಜನ ಕಂಪ್ಯೂಟರ್ ಕೋಣೆಯಲ್ಲಿ ಕೂತರು. ಅಂಗಳದಲ್ಲಿ ಲಾರಿ ಆಗಲೇ ಬಂದು ನಿಂತಿತ್ತು. ಕೈಗಾಡಿಯಲ್ಲಿ ಮರಳಿ ತಂದ ನನ್ನ ಪೆಟ್ಟಿಗೆಯ ಪಕ್ಕದಲ್ಲೇ ಹಳೆಯ ತಂತ್ರಾಂಶದ ಇನ್ನೊಂದನ್ನು ಇಟ್ಟೆ.

"ಯಜಮಾನ್ರೇ, ಎರಡೂ ಒಂದೇ ವರ್ಷದವು, ಒಂದೇ ಹಡಗಲ್ಲಿ ಬಂದವು. ಎರಡನ್ನೂ ನೀವೇ ಹಚ್ಚಿ."

ಸೆಯುಲಿಯವರು ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರು. ಕಿಟಕಿಗಳ ತುಂಬ ಮಕ್ಕಳ ತಲೆಗಳು. ಹೊಸದು ಎದ್ದಿತು. ಅವರು ಕುರ್ಚಿ ಎಳೆದುಕೊಂಡು ಕೂತು, ಒಂದೇ ಬೆರಳಲ್ಲಿ ತಮ್ಮ ಹೆಸರು ಹೊಡೆದರು, ಅಪ್ಪನ ಹೆಸರು ಹೊಡೆದರು, ಅಜ್ಜನ ಹೆಸರು ಹೊಡೆದರು. ಪಕ್ಕದ್ದು ಇನ್ನೂ ಚುಕ್ಕಿಗಳನ್ನು ಸುತ್ತಿಸುತ್ತಲೇ ಇತ್ತು.

"ನಾನು ಅಜ್ಜನವರೆಗೆ ಹೋಗಿ ಬಂದೆ, ಇದಿನ್ನೂ ಗಂಟಲು ಸರಿಮಾಡ್ಕೊತಾ ಇದೆಯಲ್ರೀ!" ಎಂದರು ಸೆಯುಲಿ. ಕಿಟಕಿಯ ಮಕ್ಕಳು ಹೋ ಎಂದು ಕೂಗಿದರು. ಅವರು ಕುರ್ಚಿಯಿಂದ ಏಳಲೇ ಇಲ್ಲ. "ಟೀಚರ್, ಅಕ್ಷರ ದಪ್ಪ ಮಾಡೋದು ಎಲ್ಲಿ?"

"ಮೇಲ್ಗಡೆ, ಯಜಮಾನ್ರೇ. ಮೊದಲಿದ್ದ ಜಾಗದಲ್ಲೇ."

ಅಜ್ಜನ ಹೆಸರನ್ನು ದಪ್ಪ ಮಾಡಿ ಕಣ್ತುಂಬ ನೋಡಿದರು. ಆಮೇಲೆ ಸಮಿತಿಯ ಕಡೆ ತಿರುಗಿ, "ಭಾನುವಾರ ನಾನು ಏನಂದಿದ್ದೆ?" ಎಂದು ಗಟ್ಟಿಯಾಗಿ ಕೇಳಿದರು.

"ಒಂದು ಓಡಿದ್ರೆ ಹನ್ನೊಂದೂ ಉಳೀತಾವೆ ಅಂದಿದ್ರಿ," ಎಂದಳು ಕಿಟಕಿಯಲ್ಲಿದ್ದ ನನ್ನ ಮಸೀನಾ. ಹಿರಿಯರ ಸಭೆಯಲ್ಲಿ ಮಕ್ಕಳು ಬಾಯಿ ಹಾಕಬಾರದು. ಆವತ್ತು ಯಾರೂ ಗದರಲಿಲ್ಲ.

ಲಾರಿಯವನು ಬಾಗಿಲಲ್ಲಿ ಬಂದು ನಿಂತು, "ಎಷ್ಟಿವೆ, ತುಂಬ್ಲಾ?" ಎಂದ.

"ತುಂಬ್ಕೋ," ಎಂದರು ಸೆಯುಲಿ. "ಹಿತ್ತಿಲಲ್ಲಿ ತುಕ್ಕು ಹಿಡಿದ ನೀರಿನ ತೊಟ್ಟಿ ಇದೆ, ಅದನ್ನ ತಗೊಂಡು ಹೋಗು. ಇಲ್ಲಿರೋದೆಲ್ಲ ಬದುಕಿರೋವು."

ಅವನು ತಕ್ಷಣ ಹೋಗಲಿಲ್ಲ. ಸೆಯುಲಿಯವರ ಭುಜದ ಮೇಲಿಂದ ಪರದೆಯನ್ನೇ ನೋಡುತ್ತ ನಿಂತ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಟೀಚರ್, ನಮ್ಮನೇಲೂ ಇಂಥದ್ದೊಂದು ಇದೆ. ಸೋಮವಾರ ತರ್ಲಾ?"

"ತಗೊಂಡು ಬಾ," ಎಂದೆ. "ಆದ್ರೆ ಬೆಳಿಗ್ಗೆನೇ ಬಾ."