ಕಪ್ಪು ಕಿಟಕಿಯ ಎರಡಕ್ಷರ

ರಿಹಾಬ್‌ಳ ಕಣ್ಣು ಹೋದ ಮೇಲೆ ನಮ್ಮ ಮನೆಯಲ್ಲಿ ಯಾವ ವಸ್ತುವೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕತ್ತರಿ ಹೊಲಿಗೆ ಯಂತ್ರದ ಎಡಕ್ಕೆ, ತಲೆನೋವಿನ ಮಾತ್ರೆಯ ಡಬ್ಬಿ ರೇಡಿಯೊದ ಪಕ್ಕಕ್ಕೆ, ಬಟ್ಟೆಗೆ ಹಾಕುವ ಕ್ಲೋರಿನ್ ಬಾಟಲಿ ಬಚ್ಚಲಿನ ಮೂಲೆಗೆ. ಮಗಳ ಕೈ ಗಾಳಿಯಲ್ಲಿ ತಡಕಾಡಬಾರದು ಎಂದು ನಾನು ಹಾಗೆ ಮಾಡಿದ್ದೆ. ಅದಕ್ಕಿಂತ ಹೆಚ್ಚಿನದು ನನಗೇನೂ ತೋಚಿರಲಿಲ್ಲ.

ಚಳಿಗಾಲದ ಜ್ವರ ಮಿದುಳಿಗೇರಿತ್ತು. ಇಳಿಯುವಾಗ ನೋಟವನ್ನೂ ತೆಗೆದುಕೊಂಡು ಹೋಯಿತು. ಅಳುವುದೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು. ಪೋರ್ಟ್ ಸಯೀದ್‌ನ ಮನೆಗೆ ಮರಳಿದ ಮೇಲೆ ಅವಳೂ ಅಳಲಿಲ್ಲ, ನಾನೂ ಅಳಲಿಲ್ಲ. ಅವಳ ಅಪ್ಪ ಶಾಬಾನ್ ಕಾಲುವೆ ದಾಟಿಸುವ ಹಡಗಿನ ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ನಾನು ಅಕ್ಕಿ ತೊಳೆಯುತ್ತಿದ್ದೆ, ಈರುಳ್ಳಿ ಹುರಿಯುತ್ತಿದ್ದೆ. ಕೆಲವೊಮ್ಮೆ ಈರುಳ್ಳಿ ಸೀದ ವಾಸನೆ ಬಂದ ಮೇಲೆಯೇ ಒಲೆಯ ಮುಂದೆ ನಿಂತಿರುವುದು ನಾನು ಎಂದು ತಿಳಿಯುತ್ತಿತ್ತು.

ರಿಹಾಬ್ ಕಂಪ್ಯೂಟರ್ ಓದುತ್ತಿದ್ದಳು. ಕಾಲೇಜಿನವರು ಕೆಟ್ಟವರಲ್ಲ. ರಂಜಾನ್‌ಗೆ ಮೊದಲು ಒಂದು ಪರೀಕ್ಷೆ ಇಡುತ್ತೇವೆ ಎಂದರು. ಪಕ್ಕದಲ್ಲಿ ಕೂತು ಓದಿ ಹೇಳುವವರಿಲ್ಲದೆ ಅವಳೊಬ್ಬಳೇ ಯಂತ್ರ ನಡೆಸಿದರೆ ಅದೇ ವಿಭಾಗದಲ್ಲಿ ಮುಂದುವರಿಯಬಹುದು, ಇಲ್ಲವಾದರೆ ಚರಿತ್ರೆಗೆ ಸೇರಬೇಕು. ಅವಳಿಗೆ ಯಾವ ಶೆಲ್, ಯಾವ ಟರ್ಮಿನಲ್ ಅನುಕೂಲವೋ ಮೊದಲೇ ತಿಳಿಸಿದರೆ ಯಂತ್ರಕ್ಕೆ ಹಾಕಿಡುತ್ತೇವೆ ಎಂದೂ ಹೇಳಿದರು.

"ಚರಿತ್ರೆ ಆದ್ರೂ ಆಗುತ್ತೆ," ಎಂದಳು ರಿಹಾಬ್. ಊಟಕ್ಕೆ ನಿನ್ನೆಯ ಸಾರಾದರೂ ಆಗುತ್ತೆ ಎನ್ನುವ ದನಿಯಲ್ಲಿ.

ನನ್ನ ತಮ್ಮ ವಗ್ದಿಗೆ ಕಂಪ್ಯೂಟರ್ ರಿಪೇರಿಯ ಅಂಗಡಿಯಿದೆ. ಅವನು ಮಾತ್ರ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಶುಕ್ರವಾರ ಅಂಗಡಿಯಲ್ಲಿ ಸಜ್ಜುಮಾಡಿದ ರಿಹಾಬ್‌ಳದೇ ಲ್ಯಾಪ್‌ಟಾಪ್ ಹಿಡಿದು ಬಂದ. ಬಾಗಿಲಿನಿಂದಲೇ, "ಎಲ್ಲಿ ನಮ್ಮ ಎಂಜಿನಿಯರಮ್ಮ? ಅಂಗಡಿ ತೆಗೀರಿ, ಗಿರಾಕಿ ಬಂದಿದೀನಿ," ಎಂದು ಕೂಗಿದ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೀನು ಹಸನು ಮಾಡುತ್ತಿದ್ದೆ.

"ಶೆಲ್ ಬೇರೆ, ಟರ್ಮಿನಲ್ ಬೇರೇನಾ?" ಎಂದು ಕೇಳಿದೆ. ಏನಾದರೂ ಕೇಳಬೇಕಲ್ಲ ಎಂದು.

"ತಾಮಿಯ ವಡೆ ಕರಿಯೋ ಅಂಗಡಿ ನೋಡಿದೀಯಲ್ಲ ಅಕ್ಕ? ಒಳಗೆ ಬಾಣಲೆ ಮುಂದೆ ಜಾಲರಿ ಸೌಟು ಹಿಡ್ಕೊಂಡು ಅಪ್ಪಣೆ ನಡೆಸೋನು ಶೆಲ್. ನೀನು ಹೊರಗಿಂದ ಕೂಗಿ ಹೇಳ್ತೀಯಲ್ಲ, ಆ ಕಿಟಕಿ ಟರ್ಮಿನಲ್. ಕಿಟಕಿ ಬದಲಾಯಿಸಿದ್ರೂ ಕರಿಯೋನು ಅವನೇ."

ಅವನು ಒಂದೊಂದನ್ನೇ ತೆರೆದು ರಿಹಾಬ್‌ಳ ಮುಂದಿಟ್ಟ. ತೆರೆಯ ಮೇಲೆ ಬಂದದ್ದನ್ನೆಲ್ಲ ಇಂಗ್ಲಿಷ್ ದನಿಯೊಂದು ಓದಿ ಹೇಳುತ್ತಿತ್ತು. ಮೊದಲು ವಿಂಡೋಸ್‌ನ ಪವರ್‌ಶೆಲ್. ತೆರೆದ ಕೂಡಲೇ ಅದು, ನೀವು ತೆರೆಯನ್ನು ಓದಿಸಿಕೊಳ್ಳುತ್ತಿರುವ ಹಾಗಿದೆ, ಅದಕ್ಕಾಗಿ ಒಂದು ಸೌಕರ್ಯವನ್ನು ನಿಲ್ಲಿಸಿದ್ದೇನೆ ಎಂದಿತು.

"ನಾನು ಕುರುಡಿ ಅಂತ ಕಂಡುಹಿಡಿದುಬಿಡ್ತು ಮಾವ," ಎಂದಳು ರಿಹಾಬ್. "ಡಾಕ್ಟ್ರಿಗಿಂತ ಬೇಗ."

"ಬುದ್ಧಿವಂತ. ಆದ್ರೆ ಅಪ್ಪಣೆಗಳೆಲ್ಲ ಮಂತ್ರಿ ಬಿರುದಿನ ಹಾಗೆ ಉದ್ದ. ಬಿಡು."

ಆಮೇಲೆ ಲಿನಕ್ಸ್. ಅದರಲ್ಲಿ ವಗ್ದಿ ತಾನು ದಿನಾ ಬಳಸುವ ಜ಼ೆಡ್‌ಶೆಲ್ ತೆರೆದ. ಅವನದು ಷೋಕಿ. ಪ್ರತಿ ಸಾಲಿನ ಮುಂದೆ ಬಾಣ, ಕವಲು, ಗುರುತು ಎಲ್ಲ ಇಟ್ಟಿದ್ದಾನೆ. ಓದುವ ದನಿ ಒಂದನ್ನೂ ಬಿಡಲಿಲ್ಲ. ರಿಹಾಬ್ ಒಂದು ಅಪ್ಪಣೆ ಕೊಡುವಷ್ಟರಲ್ಲಿ ಬಲಕ್ಕೆ ಬಾಣ, ಕವಲು, ಸರಿ ಗುರುತು, ಮತ್ತೆ ಬಲಕ್ಕೆ ಬಾಣ.

"ಇದೇನು ಮಾವ, ಶೆಲ್ಲಾ, ಮದುವೆಗೆ ಸಿಂಗರಿಸಿದ ಮೈಕ್ರೋಬಸ್ಸಾ?"

"ಸಿಂಗಾರ ತೆಗೆದ್ರೆ ಅದೂ ಸುಮ್ನಿರುತ್ತೆ ಕಣೆ. ನನ್ನ ಕೈಲಿ ತೆಗೆಯೋಕಾಗಲ್ಲ, ಅಷ್ಟೆ. ತಗೋ, ಇದರ ಹೆಸರು ಫಿಶ್. ನಿಮ್ಮಮ್ಮ ಅಲ್ಲಿ ಹೊಟ್ಟೆ ಸೀಳ್ತಾ ಇದ್ದಾಳಲ್ಲ, ಅದೇ."

ಫಿಶ್ ಅವಳು ಅರ್ಧ ಬರೆಯುವಷ್ಟರಲ್ಲಿ ಉಳಿದದ್ದನ್ನು ತಾನೇ ಊಹಿಸಿ ಮಸುಕಾಗಿ ಬರೆದು ತೋರಿಸುತ್ತಿತ್ತು. ಕಣ್ಣಿದ್ದವರಿಗೆ ಅದು ಹಿತ. ಓದುವ ದನಿಗೆ ಬರೆದದ್ದು ಯಾವುದು, ಊಹೆ ಯಾವುದು ಎಂಬ ಭೇದ ತಿಳಿಯುತ್ತಿರಲಿಲ್ಲ.

"ನಾನು ಹೇಳದೇ ಇರೋದನ್ನೂ ಹೇಳ್ತಿದೆ. ಸೊಹೇರ್ ಅತ್ತೆ ತರ."

"ಪೋರ್ಟ್ ಸಯೀದ್‌ನಲ್ಲಿ ಹುಟ್ಟಿ ಮೀನು ಬೇಡ ಅಂದವಳು ನೀನೊಬ್ಬಳೇ. ಸರಿ, ಹಾಗಾದ್ರೆ ಬ್ಯಾಶ್. ನಮ್ಮ ಬಾಷಾ."

ನಮ್ಮಲ್ಲಿ ಟ್ಯಾಕ್ಸಿಯವನಿಂದ ಪೊಲೀಸಿನವನವರೆಗೆ ಎಲ್ಲರನ್ನೂ ಕರೆಯುವುದು ಬಾಷಾ, ಅಂದರೆ ದೊರೆ, ಎಂದೇ. ಈ ಬಾಷಾ ಮಾತ್ರ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಬಾಯಿ ಮುಚ್ಚಿಕೊಳ್ಳುತ್ತಿದ್ದ. ರಿಹಾಬ್ ಸ್ವಲ್ಪ ಹೊತ್ತು ಆಲಿಸಿದಳು.

"ಬಾಷಾ ಆಗಿಯೂ ಇಷ್ಟು ಕಡಿಮೆ ಮಾತಾಡೋನು ಇವನೊಬ್ಬನೇ," ಎಂದಳು. "ಇವನಿರಲಿ."

ಜ್ವರ ಬಂದ ಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ತೊಳೆದ ಮೀನನ್ನೇ ಮತ್ತೆ ತೊಳೆದೆ.

ಹೊರಡುವ ಮುಂಚೆ ವಗ್ದಿ ಹೇಳಿದ: "ಕಿಟಕಿ ಎರಡಿಟ್ಟಿದೀನಿ. ಒಂದು ಕಪ್ಪು, ಹಗುರ, ಬೇಗ ತೆರೆಯುತ್ತೆ. ನಮ್ಮ ಅರಬ್ಬಿ ಅಕ್ಷರ ಮಾತ್ರ ಅದಕ್ಕೆ ಬರಲ್ಲ, ಚೆಲ್ಲಾಪಿಲ್ಲಿ ಮಾಡುತ್ತೆ. ಇನ್ನೊಂದು ಬೂದು. ನಿಧಾನ, ಆದ್ರೆ ಎಲ್ಲ ಬರುತ್ತೆ."

"ಅಪ್ಪಣೆಯೆಲ್ಲ ಇಂಗ್ಲಿಷ್‌ನಲ್ಲೇ ತಾನೆ. ಕಪ್ಪೇ ಸಾಕು."

ಅವನು ಅದೇ ಲ್ಯಾಪ್‌ಟಾಪಿನಲ್ಲಿ ಯಾರೋ ಗಿರಾಕಿಗೆ ಎರಡು ಸಾಲು ಉತ್ತರ ಬರೆದು ಕಳಿಸಿ ಹೊರಟುಹೋದ.

ಮರುದಿನ ಬೆಳಿಗ್ಗೆ ರಿಹಾಬ್ ಒಬ್ಬಳೇ ಯಂತ್ರದ ಮುಂದೆ ಕೂತಳು. "ನೀನು ಒಳಗಿರು ಅಮ್ಮ," ಎಂದಳು. ನಾನು ಒಳಗೆ ಸೊಪ್ಪು ಹೆಚ್ಚುತ್ತಾ ಕೇಳಿಸಿಕೊಂಡೆ. ಕೀಲಿಗಳ ಸದ್ದು. ಆಮೇಲೆ ಆ ಇಂಗ್ಲಿಷ್ ದನಿ: ಅಂಥ ಅಪ್ಪಣೆ ಇಲ್ಲ. ಮತ್ತೆ ಕೀಲಿ. ಅಂಥ ಅಪ್ಪಣೆ ಇಲ್ಲ. ಸೊಪ್ಪು ಮುಗಿಯುವವರೆಗೂ ಹಾಗೇ ನಡೆಯಿತು. ನಂತರ ಕುರ್ಚಿ ಸರಿದ ಸದ್ದು, ಕೋಣೆಯ ಬಾಗಿಲು. ಹೋಗಿ ನೋಡಿದರೆ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಮೇಜು ಒರೆಸೋಣವೆಂದು ಬಂದೆ. ಯಂತ್ರ ತೆರೆದೇ ಇತ್ತು. ಕಪ್ಪು ಕಿಟಕಿಯ ತುಂಬ, ಸಾಲಿನ ಕೆಳಗೆ ಸಾಲಾಗಿ, ಇಂಗ್ಲಿಷಿನ ನಡುವೆ ನಮ್ಮ ಲಿಪಿಯ ಎರಡಕ್ಷರ, ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ ಕೂತಿದ್ದವು. ನಮ್ಮ ಬರಹ ಬಲದಿಂದ ಎಡಕ್ಕೆ. ನಾನು ಬಲದಿಂದ ಓದಿದೆ. ಮೊದಲು ಸ, ಆಮೇಲೆ ಮ. ಸಮ್.

ಸಮ್ ಎಂದರೆ ವಿಷ.

ಕೆಳಗಿನ ಸಾಲಿನಲ್ಲೂ ವಿಷ. ಅದರ ಕೆಳಗೂ ವಿಷ. ಅಷ್ಟು ಸಲ ಕೇಳಿದ್ದಾಳೆ, ಯಂತ್ರ ಇಲ್ಲ ಇಲ್ಲ ಎಂದಿದೆ.

ನನ್ನೊಳಗೆ ಏನೂ ಆಗಲಿಲ್ಲ. ಯಂತ್ರವನ್ನು ಮುಚ್ಚಿದೆ. ಮೇಜು ಒರೆಸಿದೆ. ಕತ್ತರಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತೆ. ಮಾತ್ರೆಗಳನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಕ್ಲೋರಿನ್ ಬಾಟಲಿಯನ್ನೂ ಇಲಿ ಪಾಷಾಣವನ್ನೂ ಪಕ್ಕದ ಮನೆಯವಳಿಗೆ ಕೊಟ್ಟು, ನಮ್ಮಲ್ಲಿ ಜಾಗವಿಲ್ಲ ಎಂದೆ. ಒಲೆಯ ಮೇಲೆ ಸಾರು ಇಟ್ಟಿದ್ದೆ, ಅದನ್ನು ಕದಡಿದೆ.

ಶಾಬಾನ್‌ಗೆ ಹೇಳಲಿಲ್ಲ. ರಿಹಾಬ್‌ಳನ್ನು ಕೇಳಲಿಲ್ಲ. ಕೇಳಿ, ಅವಳು ಹೌದು ಎಂದುಬಿಟ್ಟರೆ?

ಅವಳು ಬಚ್ಚಲಿಗೆ ಹೋದರೆ ನಾನು ಬಾಗಿಲ ಹೊರಗೆ ಬೆಳ್ಳುಳ್ಳಿ ಸುಲಿಯುತ್ತಾ ಕೂರುತ್ತಿದ್ದೆ. ಬಾಲ್ಕನಿಗೆ ಹೋದರೆ ಒಣಗಿದ ಬಟ್ಟೆಯನ್ನೇ ಮತ್ತೆ ಹರವುತ್ತಿದ್ದೆ. ಮನೆಯಲ್ಲಿ ಸುಲಿದ ಬೆಳ್ಳುಳ್ಳಿ ರಾಶಿ ಬಿತ್ತು. ಅವಳು ಯಂತ್ರವನ್ನು ಮುಟ್ಟಲಿಲ್ಲ. "ಚರಿತ್ರೆ ಅಂತಲೇ ಹೇಳಿಬಿಡು ಅವರಿಗೆ," ಎಂದಳು ಒಂದು ಸಂಜೆ. ಹೇಳುತ್ತೇನೆ ಎಂದೆ. ನಾನು ಫೋನು ಮಾಡಲಿಲ್ಲ. ಮರೆತದ್ದೂ ಅಲ್ಲ.

ಮುಂದಿನ ಶುಕ್ರವಾರ ವಗ್ದಿ ರವೆಯ ಸಿಹಿ ಬಸ್ಬೂಸದ ಪೊಟ್ಟಣ ಹಿಡಿದು ಬಂದ. ರಿಹಾಬ್‌ಳ ಅಂಗಿಯ ತೋಳಿನಿಂದ ಒಂದು ದಾರ ಎದ್ದು ಜೋಲುತ್ತಿತ್ತು. ಅದನ್ನು ಕತ್ತರಿಸಲು ಅವಳು ಹೊಲಿಗೆ ಯಂತ್ರದ ಎಡಕ್ಕೆ ಕೈ ಹಾಕಿದಳು. ಕೈಗೆ ಮರದ ಹಲಗೆ ಸಿಕ್ಕಿತು. ಇನ್ನೂ ಎಡಕ್ಕೆ ತಡಕಿದಳು.

"ಕತ್ತರಿ ಎಲ್ಲಮ್ಮ?"

"ಇರುತ್ತೆ ಎಲ್ಲೋ."

"ಎಲ್ಲೋ? ಈ ಮನೇಲಿ ಎಲ್ಲೋ ಅನ್ನೋ ಜಾಗ ಯಾವಾಗಿಂದ ಬಂತು? ಮಾತ್ರೆ ಡಬ್ಬಿಯೂ ಇಲ್ಲ. ಬಚ್ಚಲಲ್ಲಿ ಕ್ಲೋರಿನ್ ವಾಸನೆಯೂ ಇಲ್ಲ. ನಂಗೆ ಕಣ್ಣಿಲ್ಲ ಅಮ್ಮ, ಮೂಗಿದೆ."

"ಏನಕ್ಕ, ಸಾಮಾನೆಲ್ಲ ಮಾರ್ಕೊಂಡ್ಯಾ?" ಎಂದ ವಗ್ದಿ. ಯಾರೂ ನಗದಿದ್ದಾಗ ಪೊಟ್ಟಣವನ್ನು ಕೆಳಗಿಟ್ಟ.

"ನೀನು ಬರೆದದ್ದು ನೋಡಿದೆ," ಎಂದೆ ನಾನು. ನನ್ನ ದನಿ ಪಕ್ಕದ ಮನೆಯಿಂದ ಬಂದ ಹಾಗಿತ್ತು. "ಆ ಕಪ್ಪು ಕಿಟಕಿಯಲ್ಲಿ. ವಿಷ ಅಂತ. ಮೇಲಿಂದ ಕೆಳಗಿನವರೆಗೂ."

ರಿಹಾಬ್ ಮುಖವನ್ನು ನನ್ನ ಕಡೆ ತಿರುಗಿಸಿದಳು.

"ನಾನು ಬರೆದಿದ್ದು ಎಲ್ ಎಸ್ ಅಂತ. ಅಷ್ಟೆ. ಇಲ್ಲಿ ಏನೇನಿದೆ ತೋರಿಸು ಅನ್ನೋದಕ್ಕೆ ಎರಡಕ್ಷರ. ಮೊದಲ ದಿನ ಕಲಿಸೋ ಅಪ್ಪಣೆ. ಅದೂ ಬರಲಿಲ್ಲ ನಂಗೆ."

ವಗ್ದಿ ಯಂತ್ರ ತೆರೆದ. ಕಪ್ಪು ಕಿಟಕಿ ಹಾಗೇ ಇತ್ತು. ನೋಡಿದ. ನನ್ನ ಮುಖ ನೋಡಿದ. ಹಣೆಗೆ ಅಂಗೈ ಒತ್ತಿಕೊಂಡ.

"ಅಯ್ಯೋ, ನಾನೇ. ಗಿರಾಕಿಗೆ ಉತ್ತರ ಬರೆದು ಕೀಲಿಮಣೆಯನ್ನ ಅರಬ್ಬಿಯಲ್ಲೇ ಬಿಟ್ಟು ಹೋಗಿದೀನಿ. ಇಲ್ನೋಡು ಅಕ್ಕ. ಎಲ್ ಕೀಲಿ ಮೇಲೆ ನಮ್ಮ ಮ ಇದೆ. ಎಸ್ ಮೇಲೆ ಸ. ಇವಳು ಒತ್ತಿದ್ದು ಸರಿಯಾಗೇ ಇದೆ. ಮೊದಲು ಮ, ಆಮೇಲೆ ಸ. ಈ ಕಪ್ಪು ಕಿಟಕಿಗೆ ಬಲ ಎಡ ಗೊತ್ತಿಲ್ಲ. ಇಂಗ್ಲಿಷ್ ತರ ಎಡದಿಂದ ಇಟ್ಟುಬಿಟ್ಟಿದೆ. ನೀನು ಬಲದಿಂದ ಓದಿದೀಯ."

ಅವನು ಬೂದು ಕಿಟಕಿ ತೆರೆದು ಅದೇ ಎರಡು ಕೀಲಿ ಒತ್ತಿದ. ಅಕ್ಷರಗಳು ಕೈ ಹಿಡಿದುಕೊಂಡು, ಬಲದಿಂದ ಎಡಕ್ಕೆ, ನಾವು ಬರೆಯುವ ಹಾಗೆಯೇ ಬಂದವು. ಮಸ್. ಅಂದರೆ ಮುಟ್ಟುವುದು.

"ಮಸ್," ಎಂದು ಜೋರಾಗಿ ಓದಿದೆ.

"ಜಿನ್ನು ಮುಟ್ಟಿದೆ ಅಂತೀವಲ್ಲ, ಆ ಮಸ್," ಎಂದ ವಗ್ದಿ. "ಮುಟ್ಟಿರೋದು ನನ್ನ ತಲೆಗೆ."

"ದನಿ ಯಾಕೆ ಹೇಳಲಿಲ್ಲ?" ಎಂದು ರಿಹಾಬ್ ಕೇಳಿದಳು.

"ಅದು ಇಂಗ್ಲಿಷ್ ದನಿ. ನಮ್ಮ ಅಕ್ಷರ ಬಂದ್ರೆ ಸುಮ್ನೆ ದಾಟಿ ಹೋಗುತ್ತೆ."

"ಅಂದ್ರೆ ನನ್ನ ಬೆರಳು ಮರೆತಿರಲಿಲ್ಲ."

"ಇಷ್ಟೊಂದು ಸಾಲಿದೆ. ಒಂದರಲ್ಲೂ ತಪ್ಪಿಲ್ಲ ಕಣೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ವಗ್ದಿ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿದ. ಅವಳು ಎರಡಕ್ಷರ ಒತ್ತಿದಳು. ದನಿ ಒಂದೊಂದಾಗಿ ಹೆಸರುಗಳನ್ನು ಓದತೊಡಗಿತು: ಅವಳ ಹಳೆಯ ಪಾಠಗಳು, ಹಾಡುಗಳು, ಕಳೆದ ಬೇಸಿಗೆಯಲ್ಲಿ ಸಮುದ್ರದ ಹತ್ತಿರ ತೆಗೆದ ಪಟಗಳು.

"ಅಮ್ಮ," ಎಂದಳು, ತಿರುಗದೆಯೇ. "ಆ ದಿನ ನಾನು ಅದನ್ನ ಯೋಚಿಸಿರಲಿಲ್ಲ."

"ಆ ದಿನ?"

"ಆ ದಿನ."

ಅವಳ ಹೆಗಲ ಮೇಲೆ ಕೈಯಿಟ್ಟೆ. ನನ್ನ ಕೈಯಲ್ಲಿ ಬೆಳ್ಳುಳ್ಳಿ ವಾಸನೆಯಿತ್ತು.

ಆಮೇಲೆ ಅವಳು ಬಾಷಾನಿಗೆ ಒಂದು ಸಾಲು ಕಲಿಸಿಕೊಟ್ಟಳು. ಇನ್ನು ಮುಂದೆ ಯಾರಾದರೂ ಅರಬ್ಬಿಯಲ್ಲಿ ಮಸ್ ಎಂದರೂ ಎಲ್ ಎಸ್ ಎಂದೇ ತಿಳಿದುಕೊ ಎಂದು. ಬಾಷಾ ಮರುಮಾತಾಡದೆ ಒಪ್ಪಿಕೊಂಡ. ಕಾಲೇಜಿನಲ್ಲೂ ಕೂತ ಕೂಡಲೇ ಇದನ್ನೇ ಮೊದಲು ಹೇಳಿಬಿಡುತ್ತೇನೆ ಎಂದಳು.

"ಕಾಲೇಜಿಗೆ ಏನಂತ ಹೇಳಲಿ?" ಎಂದು ವಗ್ದಿ ಕೇಳಿದ. "ಶೆಲ್ ಬ್ಯಾಶ್. ಕಿಟಕಿ?"

"ಬೂದು."

"ಅದು ನಿಧಾನ. ನಿಂಗೆ ಕಿಟಕಿ ಯಾವುದಾದ್ರೇನು? ದನಿ ಒಂದೇ."

"ನಂಗಲ್ಲ ಮಾವ. ಅಮ್ಮ ಮೇಜು ಒರೆಸೋಕೆ ಬರ್ತಾಳಲ್ಲ."

"ಕಾಲೇಜಲ್ಲಿ ನಿಮ್ಮಮ್ಮ ಮೇಜು ಒರೆಸ್ತಾಳಾ?"

"ಎರಡೂ ಕಡೆ ಒಂದೇ ಇರಲಿ," ಎಂದಳು. "ಬಸ್ಬೂಸ ಎಲ್ಲಿ?"

ನಾನು ಹಿಟ್ಟಿನ ಡಬ್ಬಿಯಿಂದ ಕತ್ತರಿ ತೆಗೆದು, ಒರೆಸಿ, ಹೊಲಿಗೆ ಯಂತ್ರದ ಎಡಕ್ಕಿಟ್ಟೆ. ಅವಳ ಕೈ ಬಂತು, ಸಿಕ್ಕಿತು. ಹೆಬ್ಬೆರಳಿನಿಂದ ಹಿಡಿಯನ್ನು ಸವರಿದಳು.

"ಹಿಟ್ಟು," ಎಂದಳು.

"ಹಿಟ್ಟು," ಎಂದೆ.

ದಾರ ಕತ್ತರಿಸಿಕೊಂಡಳು. ಪಕ್ಕದ ಮನೆಯಿಂದ ಕ್ಲೋರಿನ್ ಬಾಟಲಿಯೂ ಬಂತು. ಇಲಿ ಪಾಷಾಣವನ್ನು ಅವಳೇ ಇಟ್ಟುಕೊಳ್ಳಲಿ ಎಂದುಬಿಟ್ಟೆ. ಮಾತ್ರೆಯ ಡಬ್ಬಿ ಮಾತ್ರ ನನ್ನ ಕೈಚೀಲದಲ್ಲೇ ಉಳಿಯಿತು. ಅದರ ಬಗ್ಗೆ ರಿಹಾಬ್ ಮತ್ತೆ ಕೇಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಅಪ್ಪನ ಜೊತೆ ಅವರದೇ ಹಡಗಿನಲ್ಲಿ ಕಾಲುವೆ ದಾಟಿ ಕಾಲೇಜಿಗೆ ಹೋಗಲು ಹೊರಟಳು. ಬಾಗಿಲಲ್ಲಿ ಅವಳ ತಲೆವಸ್ತ್ರದ ಪಿನ್ನು ಸರಿಮಾಡಿದೆ. ಅವಳ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಆಡುತ್ತಿದ್ದವು, ಕೀಲಿಗಳ ಮೇಲೆ ಆಡುವ ಹಾಗೆ.

"ಸಂಜೆ ತಲೆನೋವು ಬರುತ್ತೆ ನಂಗೆ," ಎಂದಳು ಮೆಟ್ಟಿಲಿಳಿಯುತ್ತಾ. "ನೋಡ್ತಿರು."

ಅವರು ಹೋದ ಮೇಲೆ ಕೈಚೀಲ ತೆರೆದು ಡಬ್ಬಿಯನ್ನು ರೇಡಿಯೊದ ಪಕ್ಕದಲ್ಲಿಟ್ಟೆ. ಅದರ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ. ಆಮೇಲೆ ಅಕ್ಕಿ ತೊಳೆಯಲು ಹೋದೆ.