ಎಡಗಣ್ಣಿನ ಚೌಕ

ಚಿತ್ರದಲ್ಲಿ ಇನ್ನು ಉಳಿದದ್ದು ಎಡಗಣ್ಣಿನ ಒಂದೇ ಚೌಕ, ಅದಕ್ಕೂ ಕೊನೆಯ ಪದರ. ಬೇಗ ಬಂದುಬಿಟ್ಟೆನೇನೋ ಅನ್ನಿಸಿ ವಿಶ್ವೇಶ್ವರ ಬಾಗಿಲಲ್ಲೇ ನಿಂತ. ನಾರಾಯಣಸ್ವಾಮಿ ತಿರುಗಿ ನೋಡಲಿಲ್ಲ. ಕುಂಚದಿಂದಲೇ ಕುರ್ಚಿ ತೋರಿಸಿ ಕೆಲಸಕ್ಕೆ ಬಗ್ಗಿದರು.

ಅವನು ಬರಬೇಕಾದ್ದೇ ಇರಲಿಲ್ಲ. ಅವರು ಅವನ ಚಿತ್ರ ಬರೆಯುತ್ತಿದ್ದದ್ದು ಫೋಟೋ ನೋಡಿ. ಆದರೂ ನಾಲ್ಕು ತಿಂಗಳಿಂದ, ಆಸ್ಪತ್ರೆಯ ಪಾಳಿಯ ರೋಟಾದಲ್ಲಿ ಬಿಡುವಿದ್ದ ಶನಿವಾರವೆಲ್ಲ, ತಾನಿದ್ದ ಬ್ರೂಮ್‌ಹಿಲ್‌ನಿಂದ ಬಸ್ಸು ಹತ್ತಿ ಬಂದು ಅವರ ಮನೆಯಲ್ಲಿ ಕೂತಿದ್ದ. ತನ್ನ ಮುಖವನ್ನು ಇಷ್ಟು ಹೊತ್ತು ಯಾರು ನೋಡಿದ್ದರು? ಅವನು ಅರಿವಳಿಕೆ ಡಾಕ್ಟರು. ಅವನ ರೋಗಿಗಳು ಹತ್ತು ಎಣಿಸುವುದರೊಳಗೆ ಕಣ್ಣು ಮುಚ್ಚುತ್ತಿದ್ದರು.

ನಾರಾಯಣಸ್ವಾಮಿ ಮೈಸೂರಿನ ಸ್ಟುಡಿಯೋ ಒಂದರಲ್ಲಿ ಕಪ್ಪು-ಬಿಳಿ ಫೋಟೋಗಳಿಗೆ ಬಣ್ಣ ತುಂಬುತ್ತಿದ್ದವರು. ಹೆಂಡತಿ ನೀಲಮ್ಮನಿಗೆ ಶೆಫೀಲ್ಡಿನಲ್ಲಿ ನರ್ಸ್ ಕೆಲಸ ಸಿಕ್ಕಾಗ ಹಿಂದೆಯೇ ಬಂದರು. ಫೋಟೋಗೂ ಕ್ಯಾನ್ವಾಸಿಗೂ ಚೌಕದ ಗೆರೆ ಎಳೆದು, ಎರಡನ್ನೂ ತಲೆಕೆಳಗೆ ನಿಲ್ಲಿಸಿ, ಒಂದೇ ಚೌಕ ಕಾಣುವಂತೆ ಉಳಿದದ್ದಕ್ಕೆಲ್ಲ ಕಾಗದ ಮುಚ್ಚುತ್ತಿದ್ದರು. ಇದು ಮೂಗು ಅಂತ ಗೊತ್ತಾದರೆ ಕೈ ತನಗೆ ಗೊತ್ತಿರುವ ಮೂಗನ್ನೇ ಬರೆದುಬಿಡುತ್ತದೆ ಅನ್ನುವುದು ಅವರ ವಾದ.

ಕಂದು ಗಲ್ಲಕ್ಕೆ ಹಸಿರು ಬೇಕು, ಕಣ್ಣ ಕೆಳಗೆ ನೀಲಿ. ನಾಲ್ಕೈದು ಕೂದಲಿನ ಕುಂಚದಲ್ಲಿ ತೆಳ್ಳಗೆ ಒಂದು ಪದರ, ಅದು ಒಣಗಿದ ಮೇಲೆ ಇನ್ನೊಂದು. ಗಡ್ಡ ಹೆರೆಯುವಾಗ ಬ್ಲೇಡು ತಾಗಿದ ಗೀರನ್ನೇ ಎರಡು ವಾರ ಬರೆದಿದ್ದರು. ಅದನ್ನು ಬಿಡಬಹುದಿತ್ತಲ್ಲ ಎಂದಿದ್ದಕ್ಕೆ, ಇರುವುದನ್ನು ಬಿಡೋಕೆ ನಾನ್ಯಾರು ಅಂದಿದ್ದರು. ಅವತ್ತು ಅವನಿಗೆ ಹೊಟ್ಟೆಕಿಚ್ಚೇ ಆಯಿತು. ಇಷ್ಟು ನಿಯತ್ತಿನಿಂದ ತಾನು ಯಾರನ್ನೂ ನೋಡಿರಲಿಲ್ಲ.

ಚಿತ್ರ ಸ್ಟಾಕ್‌ಪೋರ್ಟಿಗೆ ಹೋಗಬೇಕು. ಅಲ್ಲಿ ಅವನ ಹೆಂಡತಿ ನೀರಜಾ ಫ್ಯಾಮಿಲಿ ಡಾಕ್ಟರು. ಮೂರು ವರ್ಷದಿಂದ ಮಗಳು ಆಶ್ರಿತಾಳೊಂದಿಗೆ ಬೇರೆ ಮನೆ. ಕನ್ನಡದವರು ಯಾರಾದರೂ ಕೇಳಿದರೆ ಇಬ್ಬರೂ ಅವನ ರೋಟಾದ ಮೇಲೆ ಹಾಕುತ್ತಿದ್ದರು. ಅದೊಂದರಲ್ಲಿ ಗಂಡ ಹೆಂಡತಿಗೆ ಇನ್ನೂ ಒಮ್ಮತವಿತ್ತು. ಅವಳು ಚಿತ್ರವನ್ನು ಗೋಡೆಗೆ ಹಾಕಿಕೊಂಡರೆ ಆ ಮನೆಯಲ್ಲಿ ತನಗೂ ಜಾಗವಿದೆ ಎಂದಾಗುತ್ತಿತ್ತು. ಫೋಟೋ ಕೊಡುವಾಗ, ನಮ್ಮ ಮನೆಯವಳೇ ತೆಗೆದದ್ದು ಎಂದು ನಾರಾಯಣಸ್ವಾಮಿಗೆ ಹೇಳಿದ್ದ. ಸುಳ್ಳು. ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಓಡಿಬಂದು ಕೂತು ತಾನೇ ತೆಗೆದುಕೊಂಡದ್ದು. ಯಾರು ತೆಗೆದದ್ದೆಂದು ನಾರಾಯಣಸ್ವಾಮಿ ಕೇಳಿರಲೂ ಇಲ್ಲ.

"ಡಾಕ್ಟ್ರೇ, ಇಲ್ಲಿ ಬನ್ನಿ."

ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟರು. ಬಲಗಣ್ಣು ನೆರಳಲ್ಲಿದ್ದದ್ದರಿಂದ ಸುಲಭವಾಗಿ ಮುಗಿದಿತ್ತಂತೆ. ಇದು ಹಾಗಲ್ಲವಂತೆ.

"ಕಣ್ಣೊಳಗೆ ಎದುರಿಗಿರೋದೆಲ್ಲ ಕಾಣತ್ತೆ. ಕಿಟಕಿ ಇದೆ. ಕ್ಯಾಮೆರಾ ಸ್ಟ್ಯಾಂಡ್ ಇದೆ. ನಿಮ್ಮ ಮನೆಯವರು ಕಾಣ್ತಿಲ್ಲ."

"ಪಕ್ಕಕ್ಕೆ ಸರಿದಿರಬೇಕು."

"ಇರಬಹುದು."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿ ನಿಂತಿತು. ನಾರಾಯಣಸ್ವಾಮಿ ಕುಂಚವನ್ನು ಬಟ್ಟೆಗೆ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಇಲ್ಲದ್ದನ್ನ ನಾನು ಯಾವತ್ತೂ ಬರ್ದಿಲ್ಲ ಡಾಕ್ಟ್ರೇ. ನಿಮಗೆ ಬೇಕು ಅಂದ್ರೆ ಬರೀತೀನಿ. ಅಕ್ಕಿಕಾಳಿನಷ್ಟು ಜಾಗ ಸಾಕು. ಹೇಗಿದ್ದಾರೆ ಹೇಳಿ. ಕೂದಲು ಉದ್ದನಾ? ಕನ್ನಡಕ ಹಾಕ್ತಾರಾ?"

ವಿಶ್ವೇಶ್ವರ ಬಾಯಿ ತೆರೆದ. ಕನ್ನಡಕ? ಹೋದ ತಿಂಗಳು ಅವಳ ಮನೆಯ ಬಾಗಿಲಲ್ಲಿ ಕಾಲು ಗಂಟೆ ನಿಂತು ಆಶ್ರಿತಾಳ ಶಾಲೆಯ ವಿಷಯ ಮಾತಾಡಿದ್ದರು. ಆಗ ಅವನು ನೋಡುತ್ತಿದ್ದದ್ದು ಅವಳ ಹಿಂದಿನ ಗೋಡೆಯನ್ನು, ಚಿತ್ರಕ್ಕೆ ಜಾಗ ಸಾಲುತ್ತದೆಯೇ ಎಂದು.

ಅವಸರವೇನಿಲ್ಲ, ನೆನಪು ಮಾಡಿಕೊಳ್ಳಿ ಅಂದರು ನಾರಾಯಣಸ್ವಾಮಿ.

ಅವನು ಭೂತಗನ್ನಡಿಯನ್ನು ಮತ್ತೆ ಕ್ಯಾನ್ವಾಸಿಗೆ ಹಿಡಿದ. ಎಷ್ಟು ಚೆನ್ನಾಗಿ ಬರೆದಿದ್ದರು! ಕಿಟಕಿಯ ಬೆಳಕು ಕಣ್ಣಿನ ಒದ್ದೆಯ ಮೇಲೆ ನಿಜವಾಗಿಯೂ ಹೊಳೆಯುತ್ತಿತ್ತು. ಅದರ ನಡುವೆ, ತಲೆಕೆಳಗಾಗಿ, ಮೂರು ಕಾಲನ್ನೂ ಮೇಲಕ್ಕೆತ್ತಿಕೊಂಡು, ಕ್ಯಾಮೆರಾ ಒಂದೇ ಅವನನ್ನು ನೋಡುತ್ತಿತ್ತು.