ನೀರು ಕೊಡದ ಮನೆಯ ತನಿಖಾ ವರದಿ

೧
ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಅಂದರೆ, ನಾನು ಸಮುದ್ರ ನೋಡಿದ್ದು ಮೊಬೈಲಿನಲ್ಲಿ. (ನಮ್ಮ ಕಡೆಯ ಕುರನೂರ ಡ್ಯಾಮ್ ಲೆಕ್ಕಕ್ಕಿಲ್ಲವಂತೆ.) ಮೊದಲ ಡ್ರಾಫ್ಟಿನಲ್ಲಿ ಅಲೆಗಳು ಮೊರೆಯುತ್ತಿದ್ದವು. ಡಿಲೀಟ್.

೨
ಫ್ಯಾಕ್ಟ್ಸ್ ಹೇಳಿಬಿಡುತ್ತೇನೆ. ಕರಜಗಿಯ ಕುರಿಗಾರ ಹಣಮಂತಪ್ಪನ ಮಗ ಗುರುಶಾಂತ, ಸರಕು ಹಡಗಿನ ಖಲಾಸಿ. ಲೈಫ್‌ಬೋಟ್ ಇಳಿಸುವ ಡ್ರಿಲ್ಲಿನಲ್ಲಿ ತಂತಿಹಗ್ಗ ತುಂಡಾಗಿ ಸಮುದ್ರಕ್ಕೆ ಬಿದ್ದ. ಹೆಣ ಸಿಗಲಿಲ್ಲ. ಅದಕ್ಕೆ ಎರಡು ತಿಂಗಳ ಮೊದಲು ಆ ಹಗ್ಗ ಗಟ್ಟಿಯಿದೆ ಅಂತ ಸರ್ಟಿಫಿಕೇಟ್ ಕೊಟ್ಟ ಕಚೇರಿಯೇ ಸಾವಿನ ತನಿಖೆಗೂ ಒಬ್ಬನನ್ನು ಕಳಿಸಿತು.

೪
(ಮೂರರಲ್ಲಿ ಭಾಷಣವಿತ್ತು. ತೆಗೆದೆ.)
ಕುರಿ ಯಾರದೋ ಜೋಳಕ್ಕೆ ನುಗ್ಗಿದರೆ ನಷ್ಟ ನೋಡಲು ಕರಜಗಿಯವರು ಪಕ್ಕದ ಊರು ಹನ್ನೂರಿನಿಂದ, ಯಾರ ಕಡೆಯವನೂ ಅಲ್ಲದ ಒಬ್ಬನನ್ನು ಕರೆಸುತ್ತಾರೆ. ತೀರ್ಪು ಹೇಳುವ ತನಕ ಆತನಿಗೆ ಎರಡೂ ಮನೆಯಲ್ಲಿ ನೀರಿಲ್ಲ. ಕೊಟ್ಟರೆ ಅವನನ್ನು ಕೊಳ್ಳಲು ನೋಡಿದಂತೆ, ಅದು ಅವನಿಗೆ ಅವಮಾನ. ಹಾಗಾಗಿ ಮೇ ತಿಂಗಳ ಬಿಸಿಲಲ್ಲಿ ಬಂದ ತನಿಖಾಧಿಕಾರಿ ಎರಡು ತಾಸು ಕೂತರೂ ಗುರುಶಾಂತನ ತಾಯಿ ಸುಗಲಾಬಾಯಿ ನೀರು ಕೊಡಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ಮರ್ಯಾದೆ.

ಆತ ಕೇಳಿದ್ದು: ಮಗ ಕುಡಿಯುತ್ತಿದ್ದನೇ, ಮೈಮರೆವು ಇತ್ತೇ. ಹಗ್ಗದ ಬಗ್ಗೆ ಒಂದು ಮಾತೂ ಇಲ್ಲ. ಆಮೇಲೆ ಹೊರಗೆ ಹೋಗಿ ಹಡಗು ಕಂಪನಿಯ ಕಾರಿನಲ್ಲಿ ಕೂತು, ಕಂಪನಿಯವನು ಚಾಚಿದ ಬಾಟಲಿಯ ನೀರನ್ನು ಗಟಗಟ ಕುಡಿದ.

ಬಾಗಿಲಲ್ಲಿ ನಿಂತಿದ್ದ ಹಣಮಂತಪ್ಪ ಹೆಂಡತಿಗೆ ಹೇಳಿದ: "ಇಂವ ಅವರ ಪೈಕೀನ ಅದಾನ."

೫
ವರದಿ ಬಂತು. ಮೃತನ ನಿರ್ಲಕ್ಷ್ಯವೇ ಕಾರಣ. ಕುಟುಂಬ ಸಹಕರಿಸಲಿಲ್ಲ, ನೀರನ್ನೂ ಕೊಡಲಿಲ್ಲ. ಒಪ್ಪಿ ಸಹಿ ಮಾಡಿ ಕಳಿಸಿ.

ಎಂಡಿಂಗ್ ಎ: ಯಾರ ಕೈಕೆಳಗೂ ಇಲ್ಲದ ತನಿಖಾ ಮಂಡಳಿ ಬಂದು ಆ ಹಗ್ಗ ತೋರಿಸಿ ಅನ್ನುತ್ತದೆ. (ಹಗ್ಗ ಆಗಲೇ ಗುಜರಿಗೆ ಹೋಗಿದೆ.)

ಎಂಡಿಂಗ್ ಬಿ: ಗುರುಶಾಂತನ ತಂಗಿ ಮನೀಷಾ ಕೋರ್ಟಿನಲ್ಲಿ ಗುಡುಗುತ್ತಾಳೆ. (ಸಿನಿಮಾ. ಕ್ಯಾನ್ಸಲ್.)

ಎಂಡಿಂಗ್ ಸಿ ನನ್ನ ಫೇವರಿಟ್: ಹಣಮಂತಪ್ಪ ವರದಿಯನ್ನು ಹರಿದೆಸೆಯುತ್ತಾನೆ. ಟೈಪ್ ಮಾಡಿಯೂಬಿಟ್ಟೆ. ಆದರೆ ಆತ ಹರಿಯಲಿಲ್ಲ. ಹರೀರಿ ಕಾಕಾ, ಓದುವವರಿಗೆ ಸಮಾಧಾನ ಆಗುತ್ತದೆ ಅಂತ ಗೋಗರೆದೆ.

"ಬರ್ಯಾಂವಗ ನಿನಗೇನ್ ಹೋಗ್ತದೋ ತಮ್ಮಾ. ಮಣ್ಣ ಮಾಡಾಕ ಮೈನೂ ಸಿಗಲಿಲ್ಲ. ಮಗಾ ಅಂತ ಕೈಯಾಗ ಇರೂದು ಇದೊಂದ ಕಾಗದ."

"ಹಂಗಾರ ಸಹಿ?"

"ಸುಳ್ಳಿಗೆ ಸಹಿ ಮಾಡಂಗಿಲ್ಲ."

೬
ಸಹಿ ಎಲ್ಲಿ ಅಂತ ಕಚೇರಿಯಿಂದ ರಿಮೈಂಡರ್ ಬಂತು. ಗುರುಶಾಂತನ ಹೆಸರಿದೆಯೇ ಅಂತ ಹಣಮಂತಪ್ಪ ಮನೀಷಾಳಿಂದ ಓದಿಸಿದ. ಇತ್ತು. ಮಡಚಿ ವರದಿಯ ಜೊತೆಗಿಟ್ಟ. ಎರಡನೆಯದೂ ಬಂತು, ಮೂರನೆಯದೂ. ಈಗ ನಾಲ್ಕು ಕಾಗದಗಳಿವೆ.

ಕಥೆ ಮುಗಿಸಿ ಅಂತ ನೀವೂ ಅವನಿಗೆ ಬರೆಯಬಹುದು. ಅದರಲ್ಲೂ ಮಗನ ಹೆಸರಿದೆಯೇ ಅಂತ ಕೇಳುತ್ತಾನೆ, ಇದ್ದರೆ ಎತ್ತಿಡುತ್ತಾನೆ.